ಹೋರಿಗೆ ಬೇಕಾದ ಜಾಗ

ಕಳೆದ ವಾರ ಒಮಾನಿನ ಸೊಹಾರ್‌ನ ತರಕಾರಿ ಮಾರುಕಟ್ಟೆಯ ಹಿಂಬದಿಯಲ್ಲಿ ಒಂದು ಪಿಕಪ್ಪಿನಿಂದ ಚೀಲ ಇಳಿಸುತ್ತಿದ್ದರು. ಒಂದು ಚೀಲದ ಹೊಲಿಗೆ ಬಿಚ್ಚಿಕೊಂಡು, ಒಣಗಿದ ಬೂತಾಯಿ ಮೀನೂ ಜಜ್ಜಿದ ಖರ್ಜೂರವೂ ನೆಲಕ್ಕೆ ಸುರಿದವು. ಇಲ್ಲಿನವರು ಎರಡನ್ನೂ ಬೆರೆಸಿ ದನಗಳಿಗೆ ತಿನ್ನಿಸುತ್ತಾರೆ. ಉಪ್ಪು, ಸಿಹಿ, ಅರೆಕೊಳೆತದ್ದು... ಮೂರೂ ಒಟ್ಟಿಗೆ ಬರುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ಉಸಿರು ಹಿಡಿದು ಕಲ್ಲಾಗಿಬಿಟ್ಟೆ. ಟೊಮ್ಯಾಟೊ ತೂಗುತ್ತಿದ್ದ ಅಂಗಡಿಯವನು "ಕ್ಯಾ ಹುವಾ ಮೇಡಂ?" ಎಂದು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ. ಅಲ್ಲಾಡಬಾರದು, ಅದರ ಕಣ್ಣು ನೋಡಬಾರದು, ಮಗಳ ತಲೆಗೂದಲನ್ನು ನೋಡುತ್ತಿರಬೇಕು. ಇಷ್ಟೇ ನನ್ನ ತಲೆಯಲ್ಲಿ ಓಡುತ್ತಿತ್ತು.

ಹಾಗೆ ಹೇಳಿಕೊಟ್ಟವರು ನಮ್ಮ ಕೆಳಗಿನ ಮನೆಯಲ್ಲಿದ್ದ ಸ್ಪೇನ್ ತಾತ.

ತಾತ ಎಂದರೆ ಅಷ್ಟೇನೂ ಮುದುಕರಲ್ಲ. ಅರವತ್ತರ ಆಸುಪಾಸು ಇದ್ದಿರಬೇಕು. ತಲೆ ಪೂರ್ತಿ ಬಿಳಿ, ಹುಬ್ಬು ಮಾತ್ರ ಕಪ್ಪು. ಮುಂಗೈಗಳಲ್ಲಿ ಒಂದು ರೋಮವೂ ಇರಲಿಲ್ಲ. ಕುಲುಮೆಯ ಬಾಯಿಯ ಮುಂದೆ ಕಳೆದ ಆಯಸ್ಸು ಅದನ್ನು ಸುಟ್ಟುಹಾಕಿತ್ತು. ಬಂದರಿನ ಹತ್ತಿರದ ಉಕ್ಕಿನ ಕಾರ್ಖಾನೆಯೊಂದರಲ್ಲಿ, ಕುಲುಮೆಯ ಒಳಗೋಡೆಗೆ ಬೆಂಕಿ ತಡೆಯುವ ಇಟ್ಟಿಗೆ ಕೂರಿಸುವ ಕೆಲಸದ ಮೇಲ್ವಿಚಾರಣೆ ಅವರದು. ನಾನು ಅದೇ ಪ್ರದೇಶದ ಇನ್ನೊಂದು ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ನನ್ನ ಗಂಡ ಎಂಜಿನಿಯರ್. ಮೈಸೂರು ಬಿಟ್ಟು ಬಂದಿದ್ದ ನಮಗೆ ಇಲ್ಲಿ ಹಿರಿಯರು ಅಂತ ಯಾರೂ ಇರಲಿಲ್ಲ. ಆಗ ಮೂರು ವರ್ಷದವಳಾಗಿದ್ದ ಮಗಳು, ಬಿಳಿ ತಲೆ ಕಂಡವಳೇ ಮೊದಲ ದಿನವೇ "ತಾತಾ" ಎಂದು ಕರೆದುಬಿಟ್ಟಳು. ಅದರ ಅರ್ಥ ಹೇಳಿದಾಗ ಅವರು ಟೋಪಿ ತೆಗೆದು ಅವಳಿಗೆ ತಲೆಬಾಗಿದರು.

ಅವಳಿಂದ ಅವರು ಮೂರು ಕನ್ನಡ ಪದ ಕಲಿತರು. ಬಾ, ಕೂತ್ಕೊ, ಸಾಕು. ಸಂಜೆ ಕಂಪನಿ ಬಸ್ಸಿನಿಂದ ಇಳಿದು ಮೆಟ್ಟಿಲ ಬುಡದಲ್ಲಿ ನಿಂತು, ತಗ್ಗಿದ ದನಿಯಲ್ಲಿ, ಪಾರಿವಾಳ ಕರೆಯುವವರ ಹಾಗೆ, "ಬಾ... ಬಾ..." ಎನ್ನುತ್ತಿದ್ದರು. ನಮ್ಮ ಬಾಗಿಲು ಮುಚ್ಚಿದ್ದರೂ, ಟಿವಿ ಓಡುತ್ತಿದ್ದರೂ ಅವಳಿಗೆ ಅದು ಕೇಳುತ್ತಿತ್ತು. ನಿದ್ದೆಯಲ್ಲಿದ್ದರೂ ಎದ್ದು ಕೂರುತ್ತಿದ್ದಳು. "ತಾತಾ!" ಎಂದು ಕಿರುಚಿ, ಬಾಗಿಲು ತೆಗೆಯುವ ತನಕ ಅದನ್ನು ಗುದ್ದುತ್ತಿದ್ದಳು. ಅವರು ನಮ್ಮ ಮನೆಯಲ್ಲಿ ತಿಳಿಸಾರು ಉಣ್ಣುವಾಗ ಮೂರನೆಯ ಸಲಕ್ಕೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು ಸಾಕು" ಎನ್ನುವುದನ್ನೂ ಅವಳೇ ಕಲಿಸಿದ್ದಳು.

ಅವು ಎಣ್ಣೆಯ ಬೆಲೆ ಕುಸಿದ ವರ್ಷಗಳು. ಕಟ್ಟಡದ ಕೆಲಸಗಳು ನಿಂತವು, ಉಕ್ಕು ಕೊಳ್ಳುವವರಿಲ್ಲದೆ ಅಂಗಳದಲ್ಲೇ ತುಕ್ಕು ಹಿಡಿಯಿತು. ಸೂಪರ್‌ಮಾರ್ಕೆಟ್ಟಿನ ಬೋರ್ಡಿನ ಮೇಲೆ ಸೋಫಾ, ಫ್ರಿಜ್, ಮಕ್ಕಳ ಸೈಕಲ್ ಮಾರಾಟಕ್ಕಿದೆ ಎನ್ನುವ ಚೀಟಿಗಳು ಒಂದರ ಮೇಲೊಂದು ಅಂಟಿಕೊಂಡವು. ನಮ್ಮ ಕಟ್ಟಡದಲ್ಲಿ ಎಲ್ಲಕ್ಕಿಂತ ಮೊದಲು ಬದಲಾದದ್ದು ಸದ್ದು. ಗಲ್ಫಿನಲ್ಲಿ ಮನೆ ಎಂದರೆ ಎಸಿಯ ಗುಂಯ್‌ಗುಡುವಿಕೆ. ನಾವದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿರುತ್ತೇವೆ. ಒಂದೊಂದು ಮನೆ ಖಾಲಿಯಾದಾಗಲೂ ಆ ಗುಂಯ್‌ಗುಡುವಿಕೆ ಒಂದೊಂದು ಎಳೆ ತೆಳ್ಳಗಾಯಿತು. ಕೊನೆಕೊನೆಗೆ ಪಕ್ಕದ ಮನೆಯ ಖಾಲಿ ಕೋಣೆಯಲ್ಲಿ ನಲ್ಲಿಯೊಂದು ತೊಟ್ಟಿಕ್ಕುವುದು ನಮ್ಮ ಮಲಗುವ ಕೋಣೆಗೆ ಕೇಳತೊಡಗಿತು. ಯಾರೋ ಅಲ್ಲಿ ನಿಂತು ನಾಲಿಗೆಯಿಂದ ಲೊಚಗುಟ್ಟುತ್ತಿರುವ ಹಾಗೆ...

ಮೂರನೇ ಮಹಡಿಯಲ್ಲಿ ಒಬ್ಬ ಡ್ರಾಫ್ಟ್ಸ್‌ಮನ್ ಇದ್ದ. ಕೆಲಸ ಹೋಗಿ ವಾರಗಳಾದರೂ, ಬೆಳಿಗ್ಗೆ ಕಂಪನಿಯ ನೀಲಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಬಸ್ ನಿಲ್ಲುವ ಜಾಗಕ್ಕೆ ಬಂದು ನಿಲ್ಲುತ್ತಿದ್ದ. ಬಸ್ಸು ಬರುತ್ತಿತ್ತು, ಬೇರೆಯವರು ಹತ್ತುತ್ತಿದ್ದರು, ಅವನು ಕೈ ಬೀಸಿ ಮನೆಗೆ ವಾಪಸಾಗುತ್ತಿದ್ದ. ನಾನು ಬಾಲ್ಕನಿಯಿಂದ ನೋಡಿ, ಪಾಪ, ತಲೆ ಕೆಟ್ಟಿರಬೇಕು ಎಂದೆ. ಪಕ್ಕದಲ್ಲಿ ನಿಂತಿದ್ದ ತಾತ ಅಡ್ಡಕ್ಕೆ ತಲೆಯಾಡಿಸಿದರು.

"ಇಲ್ಲ ಸೆನ್ಯೋರಾ. ಅದು ಅವನ ಕೆರೆನ್ಸಿಯಾ."

ಆ ಪದವನ್ನು ನಾನು ಮೊದಲು ಕೇಳಿದ್ದು ಹಾಗೆ. ಅವರ ಇಂಗ್ಲಿಷ್ ನಿಧಾನದ್ದು, ಇಟ್ಟಿಗೆ ಜೋಡಿಸುವವರ ಇಂಗ್ಲಿಷ್. ಆದರೆ ಈ ಪದ ಬಂದಾಗ ಮಾತ್ರ ಅವರಿಗೆ ಇಂಗ್ಲಿಷ್ ಸಾಲುತ್ತಿರಲಿಲ್ಲ. ಅವರ ಅಪ್ಪ ಕಾಳಗದ ಗೂಳಿಗಳನ್ನು ಸಾಕುವ ದೊಡ್ಡ ಎಸ್ಟೇಟೊಂದರಲ್ಲಿ ದನಗಾಹಿ. ಗೂಳಿಗಳು ಬಯಲಿನಲ್ಲಿ ಎಲ್ಲೇ ಮೇಯಲಿ, ಒಂದೊಂದೂ ರಾತ್ರಿ ಮಲಗುವುದಕ್ಕೆ ತನ್ನದೇ ಒಂದು ತಾವಿಗೆ ಬರುತ್ತದಂತೆ. ಒಂದು ಓಕ್ ಮರದ ಬುಡ, ಒಂದು ಬೇಲಿಯ ಮೂಲೆ. ದನಗಾಹಿಗಳ ಬಾಯಲ್ಲಿ ಅದು ಕೆರೆನ್ಸಿಯಾ. ಅದೇ ಗೂಳಿಯನ್ನು ನಗರದ ಕಣಕ್ಕೆ ಒಯ್ದರೆ, ಅಲ್ಲಿ ಮರವೂ ಇಲ್ಲ, ಬೇಲಿಯೂ ಇಲ್ಲ, ಸುತ್ತ ಜನ, ಕೆಳಗೆ ಮರಳು. ಆದರೂ ಈಟಿ ತಿಂದು ಸುಸ್ತಾದ ಗೂಳಿ ಆ ಬೋಳು ಮರಳಿನಲ್ಲೇ ಒಂದು ಜಾಗವನ್ನು ಆರಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಅದಕ್ಕೂ ಉಳಿದ ಮರಳಿಗೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಗೂಳಿಗೆ ಮಾತ್ರ ಅಲ್ಲಿ ನಿಂತರೆ ಸಾವು ಬರಲಾರದು ಎಂಬ ನಂಬಿಕೆ. ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಕಾಳಗದವರ ಬಾಯಲ್ಲಿ ಅದೂ ಕೆರೆನ್ಸಿಯಾ.

"ಅಲ್ಲಿ ನಿಂತ ಗೂಳಿ ಅಟ್ಟಿಸಿಕೊಂಡು ಬರುವುದಿಲ್ಲ. ತುಂಬ ಶಾಂತವಾಗಿ ಕಾಣುತ್ತದೆ. ಆದರೆ ಅದಕ್ಕೂ ಅದರ ಜಾಗಕ್ಕೂ ನಡುವೆ ಮಾತ್ರ ಯಾರೂ ನಿಲ್ಲಬಾರದು," ಎಂದರು. ಅಪ್ಪ ಅವರಿಗೆ ಕಲಿಸಿದ್ದು ಅದೊಂದೇ ಪಾಠವಂತೆ. ಅಪ್ಪ ಗೂಳಿಗಳನ್ನು ಸಾಕಿದರು. ಅವುಗಳನ್ನು ಕೊಲ್ಲುವುದನ್ನು ನೋಡಲು ಒಂದು ಸಲವೂ ಹೋಗಲಿಲ್ಲವಂತೆ.

ಪಾರಿವಾಳ ಗೂಡಿಗೆ ಮರಳುವುದಕ್ಕೂ, ಮುದುಕನೊಬ್ಬ ಹೋಟೆಲಿನಲ್ಲಿ ದಿನವೂ ಕೂರುವ ಕುರ್ಚಿಗೂ, ಹೆಂಗಸೊಬ್ಬಳು ಅಳು ಬಂದಾಗ ಹೋಗಿ ನಿಲ್ಲುವ ಅಡುಗೆಮನೆಯ ಮೂಲೆಗೂ ಅದೇ ಪದವಂತೆ. ಹಳೆಯ ಬರಹಗಳಲ್ಲಿ ಬರೀ ಅಕ್ಕರೆ ಎನ್ನುವುದಕ್ಕೂ ಅದೇ. ನಾನು ಕನ್ನಡದಲ್ಲಿ ಹುಡುಕಿದೆ. ನೆಲೆ ಎಂದರೆ ಅರ್ಧ ಬಂತು. ಠಾವು ಎಂದರೆ ಇನ್ನೂ ಕಡಿಮೆ. ಆ ಪದ ಹುಟ್ಟಿದ್ದು ಯಾವುದರಿಂದ ಎಂದು ಕೇಳಿದೆ. ಬಯಸುವುದಕ್ಕೂ ಪ್ರೀತಿಸುವುದಕ್ಕೂ ತಮ್ಮಲ್ಲಿ ಒಂದೇ ಮಾತು, ಅದರಿಂದ ಎಂದರು. ಆಗ ನನಗೆ ಥಟ್ಟನೆ ಹೊಳೆಯಿತು. ನಮ್ಮಲ್ಲೂ ಹಾಗೇ ತಾನೆ? ನೀರು ಬೇಕು, ನೀನು ಬೇಕು. ನಮಗೆ ತೀರಾ ಹತ್ತಿರದವರನ್ನು ಬೇಕಾದವರು ಎನ್ನುತ್ತೇವೆ.

"ಬೇಕಾದ ಜಾಗ," ಎಂದೆ.

"ಬೇಕಾದ," ಎಂದು ಅವರು ನಿಧಾನವಾಗಿ ಜಗಿದು ನೋಡಿದರು. ಅವರ ನಾಲ್ಕನೆಯ ಕನ್ನಡ ಪದ.

ಆ ಬೇಸಗೆಗೆ ಮುಂಚೆ ಅವರ ಕುಲುಮೆಯನ್ನೂ ಆರಿಸಿದರು. ಕರಾರು ಮುಂದುವರಿಯುವುದಿಲ್ಲ, ತಿಂಗಳ ಕೊನೆಗೆ ಹೊರಡಬೇಕು ಎಂದಾಯಿತು. ಸ್ಪೇನಿನಲ್ಲಿ ಯಾರಿದ್ದಾರೆ ಎಂದು ಕೇಳಿದರೆ, "ಒಬ್ಬಳು ತಂಗಿ, ಅವಳ ಮನೆಯ ಮೆಟ್ಟಿಲು. ಕರೆದರೆ ಓಡಿ ಬರುವವರಿಲ್ಲ," ಎಂದು ನಕ್ಕರು.

ಅವರನ್ನು ಹೋರಿ ಕಾಳಗ ನೋಡಲು ಹೊರಡಿಸಿದ್ದು ಮೇಲಿನ ಮನೆಯ ಮಂಗಳೂರಿನವರು. ಕೊಂಕಣಿ ಮಾತಾಡುವ ಕ್ರೈಸ್ತರು, ಯಾವುದೋ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಬಾಯಿ ತೆರೆದರೆ ಮುಚ್ಚುವವರಲ್ಲ.

"ಸ್ಪೇನಿನವರಿಗೆ ಹೋರಿ ತೋರಿಸದೆ ಕಳಿಸಿದ್ರೆ ನಮ್ಮ ಮರ್ಯಾದೆ ಎಂತ ಉಳೀತದೆ ಮಾರಾಯ್ರೆ? ಶುಕ್ರವಾರ ಎಲ್ಲ ಸೇರಿ ಹೋಗುವ," ಎಂದರು. "ಇಲ್ಲಿ ಕತ್ತಿ ಇಲ್ಲ, ಕೆಂಪು ಬಟ್ಟೆ ಇಲ್ಲ, ಎಂತದೂ ಇಲ್ಲ. ಎರಡು ಹೋರಿ ತಲೆಗೆ ತಲೆ ಕೊಟ್ಟು ದೂಡ್ತವೆ. ಸೋತದ್ದು ಓಡ್ತದೆ. ಖಲಾಸ್! ಎಲ್ಲರೂ ಕಾಫಿ ಕುಡಿದು ಮನೆಗೆ."

"ಯಾರೂ ಸಾಯುವುದಿಲ್ಲವೇ?" ತಾತ ಕೇಳಿದರು.

"ಸಾಯುವುದು ಎಂತಕ್ಕೆ? ಬರುವ ವಾರ ಪುನಃ ಹೋರಿ ಬೇಕಲ್ಲ!"

ತಾತ ಮನಸಾರೆ ನಕ್ಕರು. "ನನ್ನ ಅಪ್ಪನಿಗೆ ಈ ದೇಶ ಹಿಡಿಸುತ್ತಿತ್ತು."

ಊರಿನಿಂದ ಸ್ವಲ್ಪ ದೂರ, ಕಡಲಿಗೂ ಖರ್ಜೂರದ ತೋಟಗಳಿಗೂ ನಡುವಿನ ಬಯಲು. ನಾವು ತಲುಪಿದಾಗ ತಡವಾಗಿತ್ತು. ಜನ ಆಗಲೇ ದೊಡ್ಡ ಉಂಗುರವಾಗಿ ಮರಳಿನ ಮೇಲೆ ಕೂತಿದ್ದರು. ಹಿಂದೆ ಕಾರುಗಳು, ಪಿಕಪ್ಪುಗಳು ಉರಿಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ತೋಟದ ಗೋಡೆಯ ಪಕ್ಕ ಒಂದು ಹಳೆಯ ಜಾಲಿಮರವಿತ್ತು. ಅದರಡಿ ಒಂದು ಕಾರು ನಿಲ್ಲುವಷ್ಟು ನೆರಳು, ಪೂರ್ತಿ ಖಾಲಿ.

"ನೋಡಿದ್ಯಾ ನಮ್ಮ ಅದೃಷ್ಟ!" ಎಂದರು ನನ್ನ ಗಂಡ. "ಇಷ್ಟು ಜನ ಬಿಸಿಲಲ್ಲಿ ನಿಲ್ಸಿದಾರೆ, ಈ ನೆರಳು ಯಾರ ಕಣ್ಣಿಗೂ ಬಿದ್ದಿಲ್ಲ." ಬಲಬದಿ ಗೋಡೆಗೆ ಒತ್ತಿಕೊಳ್ಳುವ ಹಾಗೆ, ಆ ಕಡೆಯ ಬಾಗಿಲು ತೆರೆಯಲಾಗದಷ್ಟು ಹತ್ತಿರಕ್ಕೆ, ಪೂರ್ತಿ ನೆರಳಿಗೆ ಕಾರನ್ನು ತೂರಿಸಿದರು. ನೆರಳು ಕಂಡರೆ ಬಿಡದಿರುವುದು ಇಲ್ಲಿ ಬದುಕುವ ನಮ್ಮಂಥವರ ಅಭ್ಯಾಸ. ಖಾಲಿ ಬಿಟ್ಟಿದ್ದಾರೆಂದರೆ ಯಾಕಿರಬಹುದು ಎಂದು ಕೇಳುವ ಅಭ್ಯಾಸ ಊರವರದು.

ತಾತ ಇಳಿದವರು ನೆಲ ನೋಡುತ್ತ ನಿಂತರು. ಅಲ್ಲಿ ಮರಳು ಬಟ್ಟಲಿನಂತೆ ತಗ್ಗಾಗಿತ್ತು. ಒಣಗಿದ ಸಗಣಿ, ಖರ್ಜೂರದ ಬೀಜಗಳು. ಗೋಡೆಯ ಮೇಲೆ ಎದೆಯೆತ್ತರಕ್ಕೆ ಉಜ್ಜಿ ಉಜ್ಜಿ ನುಣುಪಾದ, ಕಪ್ಪಗೆ ಹೊಳೆಯುವ ಪಟ್ಟಿ.

"ಇದು ಯಾರದೋ ಜಾಗ," ಎಂದರು.

"ತಾತ, ಗಲ್ಫಲ್ಲಿ ನೆರಳು ಮೊದಲು ಬಂದವರದ್ದು," ಎಂದು ಇವರು ಅವರ ಭುಜ ಹಿಡಿದು ಕರೆದುಕೊಂಡು ಹೋದರು. ಮಂಗಳೂರಿನವರು ಮುಂದೆ ಮುಂದೆ, ಆಗಲೇ ಯಾರಿಗೋ ಸಲಾಂ ಹೇಳುತ್ತ.

ಮಗಳು ದಾರಿಯಲ್ಲೇ ನಿದ್ದೆಹೋಗಿದ್ದಳು. ಹೆಂಗಸರು ಅಲ್ಲಿ ಕಾರುಗಳಲ್ಲೇ ಕೂತು ನೋಡುವುದು ರೂಢಿ. ನಾನು ಎಡಗಡೆ ಹಿಂದಿನ ಸೀಟಿನಲ್ಲಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಡಲ ಗಾಳಿಗೆಂದು ನನ್ನ ಬದಿಯ ಗಾಜು ಪೂರ್ತಿ ಇಳಿದಿತ್ತು. ಕೀಲಿ ಇವರ ಜೇಬಿನಲ್ಲಿತ್ತು, ಗಾಜು ಏರಿಸುವಂತಿರಲಿಲ್ಲ.

ದೂರದಿಂದ ಜನರ ಕೂಗು, ಕೊಂಬಿಗೆ ಕೊಂಬು ತಾಗುವ ಒಣ ಸದ್ದು. ಒಂದು ಜೋಡಿ ಮುಗಿದು ಇನ್ನೊಂದು ಬಂತು. ನನಗೂ ತೂಕಡಿಕೆ. ಆಮೇಲೆ ಒಮ್ಮೆಲೇ ನಗೆ, ಚದುರಿ ಓಡುವ ಜನ, ಹಗ್ಗ ಎಳೆದುಕೊಂಡು ಉಂಗುರ ಒಡೆದು ಬರುತ್ತಿದ್ದ ಒಂದು ಕಂದುಬಣ್ಣದ ಹೋರಿ. ಸೋತ ಹೋರಿ ಓಡುವುದು ಅಲ್ಲಿ ಪ್ರತಿ ವಾರದ ತಮಾಷೆ. ಎಲ್ಲರೂ ನಗುತ್ತಿದ್ದರು. ಅದು ಎತ್ತ ಓಡುತ್ತಿದೆ ಎಂದು ಕಂಡ ಮೇಲೆ ನಗು ನಿಂತಿತು.

ಅದು ನನ್ನ ಮೇಲೆ ಏರಿ ಬರಲಿಲ್ಲ. ಅದನ್ನು ಈಗಲೂ ಯಾರಿಗೂ ಸರಿಯಾಗಿ ಹೇಳಲು ನನ್ನಿಂದಾಗುವುದಿಲ್ಲ. ಹತ್ತಿರ ಬಂದಂತೆ ಓಟ ನಿಧಾನವಾಯಿತು. ಕೆಲಸ ಮುಗಿಸಿ ಮನೆಗೆ ಬಂದವರ ಹಾಗೆ ನಡೆದು ಬಂದು, ಗೋಡೆಗೆ ಮೈ ಒರಗಿಸಬೇಕಾದಲ್ಲಿ ನಮ್ಮ ಕಾರಿಗೆ ಒರಗಿಸಿ ನಿಂತಿತು. ಕಾರು ಒಂದು ಸಲ ನಿಟ್ಟುಸಿರಿಟ್ಟು ಬಾಗಿತು. ಆಮೇಲೆ ಅದರ ಮುಖ ನನ್ನ ಕಿಟಕಿಗೆ ಬಂತು. ಕಿಟಕಿಯ ತುಂಬ ಮುಖ. ಹಣೆಯ ರೋಮದಲ್ಲಿ ರಕ್ತ, ಮರಳು. ಉಸಿರು ಬಿಟ್ಟಾಗಲೆಲ್ಲ ಬೂತಾಯಿ, ಖರ್ಜೂರದ ಬಿಸಿ ವಾಸನೆ ಮಗಳ ಕೆನ್ನೆಯ ಮೇಲಿನ ಕೂದಲನ್ನು ಹಾರಿಸುತ್ತಿತ್ತು. ಅವಳು ನಿದ್ದೆಯಲ್ಲೇ ಮೂಗು ಸುಕ್ಕಿಸಿದಳು.

ಅವಳು ಎಚ್ಚರಾಗಬಾರದು. ಅವಳು ಕೂಗಬಾರದು. ಬೇರೆ ಯಾವ ಆಲೋಚನೆಯೂ ನನಗಿರಲಿಲ್ಲ.

ಹೋರಿಯ ಯಜಮಾನ ಹಗ್ಗದ ತುದಿ ಹಿಡಿದು ಎಳೆದ. ಹೋರಿ ತಲೆ ಕೊಡವಿತು. ಕೊಂಬು ಬಾಗಿಲಿಗೆ ತಾಗಿ ತಗಡು ಒಳಕ್ಕೆ ಬಾಗಿತು. ಮಗಳ ಕಾಲು ಅಲುಗಿತು. ಆಗ ತಾತನ ದನಿ ಕೇಳಿತು. "ಖಲಾಸ್! ಖಲಾಸ್!" ಅಷ್ಟು ದೊಡ್ಡ ದನಿ ಅವರಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಯಜಮಾನ ಹಗ್ಗ ಬಿಟ್ಟ. ತಾತ ಎರಡೂ ಅಂಗೈಗಳನ್ನು ನೆಲದ ಕಡೆ ಒತ್ತಿ ತೋರಿಸಿದರು. ಜನ ಇದ್ದಲ್ಲೇ ಕೂತರು. ಅಷ್ಟು ದೊಡ್ಡ ಬಯಲು, ಬಿಳಿಯ ದಿಶ್‌ದಾಶ ನಿಲುವಂಗಿ ತೊಟ್ಟ ಅಷ್ಟೊಂದು ಗಂಡಸರು, ಒಬ್ಬರೂ ಉಸಿರೆತ್ತದೆ ಮರಳಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಕನಸಿನಲ್ಲಿ ಈಗಲೂ ಬರುವುದು ಹೋರಿಯಲ್ಲ, ಆ ಕೂತವರು.

"ಸೆನ್ಯೋರಾ," ತಾತ ಬದಿಯಿಂದ, ನನಗೆ ಕಾಣದ ಕಡೆಯಿಂದ ಮಾತಾಡಿದರು. ಸಾರು ಬಡಿಸಲು ಹೇಳುವಷ್ಟೇ ಮೆಲ್ಲಗೆ. "ಅದರ ಕಣ್ಣು ನೋಡಬೇಡಿ. ಮಗಳ ಕೂದಲು ನೋಡಿ. ಕೈ ಎತ್ತಬೇಡಿ. ಅದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ. ಅದು ಮನೆಯಲ್ಲಿದೆ, ಅಷ್ಟೆ."

ಆಮೇಲೆ ಗೊತ್ತಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಯಜಮಾನ ಕಾರ್ಖಾನೆಗಳಿಗೆ ಮರಳು ಸಾಗಿಸುತ್ತಿದ್ದವನು. ಕೆಲಸ ನಿಂತ ಮೇಲೆ ತನ್ನ ಪಿಕಪ್ಪನ್ನು ಅದೇ ಊರಿನ ಮೀನುಗಾರನೊಬ್ಬನಿಗೆ ಮಾರಿದ್ದ. ಹೋರಿ ಕರುವಾಗಿದ್ದಾಗಿನಿಂದ ಪ್ರತಿ ಶುಕ್ರವಾರ ಆ ಪಿಕಪ್ಪಿನಲ್ಲಿ ಬಂದು, ಆ ಜಾಲಿಯ ಕೆಳಗೆ ನಿಂತು, ಖರ್ಜೂರ ತಿಂದು, ಕಾಳಗ ಮುಗಿಸಿ, ಅಲ್ಲಿಂದಲೇ ಪಿಕಪ್ಪು ಹತ್ತಿ ಮನೆಗೆ ಹೋಗುತ್ತಿತ್ತು. ಅವತ್ತು ಮೊದಲ ಸಲ ಅದನ್ನು ನಡೆಸಿಕೊಂಡು ಬಂದು ಬೇರೆ ಕಡೆ ಕಟ್ಟಿದ್ದ. ಊರಿನವರೆಲ್ಲರಿಗೂ ಆ ಜಾಗ ಯಾರದೆಂದು ಗೊತ್ತಿತ್ತು. ಯಜಮಾನ ಆಗಲೇ ಮೀನುಗಾರನಿಗೆ ಫೋನು ಮಾಡಿದ್ದ. ಪಿಕಪ್ಪು ಕಡಲ ದಂಡೆಯಿಂದ ಹೊರಟಿತ್ತು. ಅದು ಬರುವ ತನಕ ಕಾದರೆ ಸಾಕಿತ್ತು.

ಆದರೆ ಹೋರಿ ಮೂತಿಯನ್ನು ಒಳಕ್ಕೆ ತೂರಿಸತೊಡಗಿತು. ಕಿಟಕಿಯ ಅಂಚಿಗೆ ಒಂದು ಕೊಂಬು ಸಿಕ್ಕಿಕೊಂಡು ಕಿರ್ ಎಂದಿತು. ಇನ್ನೊಂದು ಗೇಣು ಒಳಗೆ ಬಂದು ತಲೆ ಎತ್ತಿದರೆ... ನಾನು ಮಗಳ ಮೇಲೆ ಬಾಗಿದೆ. ಆ ಕೂತವರ ನಡುವೆ ಎಲ್ಲೋ ಇದ್ದ ಇವರ ಹೆಸರು ಹಿಡಿದು ಕೂಗಬೇಕೆನಿಸಿತು, ಮಗಳು ಎಚ್ಚರಾದಾಳೆಂದು ತುಟಿ ಕಚ್ಚಿಕೊಂಡೆ.

ತಾತ ಆಗ ಹೋರಿಯ ಎದುರಿಗೆ, ಓರೆಯಾಗಿ, ದೂರದಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಬಟ್ಟೆ ಇರಲಿಲ್ಲ. ಟೋಪಿಯನ್ನು ತೊಡೆಗೆ ಒತ್ತಿ ಹಿಡಿದಿದ್ದರು. ಒಂದು ಕಾಲನ್ನು ಮರಳಿನಲ್ಲಿ ಸರ್ರನೆ ಎಳೆದರು. ಹೋರಿಯ ಕಿವಿ ಅತ್ತ ತಿರುಗಿತು. ಇನ್ನೊಮ್ಮೆ ಎಳೆದರು. ತಲೆ ಕಿಟಕಿಯಿಂದ ಹೊರಗೆ ಹೋಯಿತು. ಬೆಳಕು ಒಳಗೆ ಬಂತು. ಅದು ಅವರತ್ತ ಒಂದು ಹೆಜ್ಜೆ ಇಟ್ಟಿತು. ಅವರು ಅಷ್ಟೇ ಹಿಂದೆ ಸರಿದರು. ಇನ್ನೊಂದು ಹೆಜ್ಜೆ... ಬಾಗಿಲು ತೆರೆಯುವಷ್ಟು ಜಾಗವಾಗುತ್ತಿತ್ತು. ನನ್ನ ಕೈ ಹಿಡಿಕೆಯ ಮೇಲಿತ್ತು.

ಅದನ್ನು ಇನ್ನೂ ಸ್ವಲ್ಪ ಎಳೆಯಬೇಕಿತ್ತು. ಹೋರಿಯನ್ನು ಏನೆಂದು ಕರೆಯುವುದು? ಅವರ ಅಪ್ಪನ ಮಾತು ಈ ಹೋರಿಗೆ ತಿಳಿಯದು, ಖಲಾಸ್ ಎನ್ನುವುದು ಬಿಟ್ಟರೆ ಅರಬ್ಬಿ ಅವರಿಗೆ ಬಾರದು. ಬಹುಶಃ ನನ್ನ ಮಗಳು ಅಲ್ಲಿದ್ದದ್ದರಿಂದ, ಬಹುಶಃ ಕರೆಯುವುದಕ್ಕೆ ಅವರ ಬಾಯಿಗೆ ಈಚೆಗೆ ಅದೊಂದೇ ಬರುತ್ತಿದ್ದುದರಿಂದ, ತಗ್ಗಿದ ದನಿಯಲ್ಲಿ ಕರೆದರು.

"ಬಾ... ಬಾ..."

ನನ್ನ ತೊಡೆಯ ಮೇಲೆ ಮಗಳು ಕಣ್ಣು ಬಿಟ್ಟಳು. ಎದ್ದು ಕೂತಳು. ನಾನು ಅವಳ ಬಾಯಿ ಮುಚ್ಚುವ ಮೊದಲೇ, ದಿನವೂ ಬಾಗಿಲ ಹಿಂದಿನಿಂದ ಕಿರುಚುವ ಹಾಗೆ, ಸಂತೋಷದಿಂದ, ಪೂರ್ತಿ ದನಿ ತೆಗೆದು "ತಾತಾ!" ಎಂದಳು.

ಹೋರಿ ತಿರುಗಿತು. ತನ್ನ ಜಾಗದೊಳಗಿನಿಂದ ಬಂದ ಆ ಸದ್ದಿನ ಕಡೆ ತಲೆ ತಗ್ಗಿಸಿ ತಿರುಗಿತು.

ಅವರು ಓಡಿ ಬಂದದ್ದನ್ನು ನಾನು ನೋಡಲಿಲ್ಲ. ನೋಡಿದ್ದು ಇಷ್ಟೆ: ಕಿಟಕಿಯಲ್ಲಿ ಹೋರಿಯ ಬದಲು ಒಂದು ಬಿಳಿ ಅಂಗಿಯ ಬೆನ್ನು. ಹೋರಿಗೂ ಅದರ ಜಾಗಕ್ಕೂ ನಡುವೆ. ಆ ಬೆನ್ನು ಕಿಟಕಿಯನ್ನು ಪೂರ್ತಿ ಮುಚ್ಚಿತ್ತು. ಆಮೇಲೆ ಕಾರು ಗೋಡೆಗೆ ಬಡಿಯಿತು. ಒಂದೇ ಸಲ. ಒಳಗೇನೋ ಮುರಿದ ಸದ್ದು. ಅದು ಬಾಗಿಲಿನದೋ ಅವರದೋ, ಈಗಲೂ ರಾತ್ರಿ ಎಚ್ಚರಾದಾಗ ಬೇರೆ ಬೇರೆ ಮಾಡಿ ಕೇಳಿಸಿಕೊಳ್ಳಲು ನೋಡುತ್ತೇನೆ. ಬೆನ್ನು ಮೆಲ್ಲಗೆ ಕೆಳಕ್ಕೆ ಜಾರಿತು.

ಹೋರಿ ಮತ್ತೆ ಹೊಡೆಯಲಿಲ್ಲ. ಮತ್ತೆ ಕಾರಿಗೆ ಒರಗಿ, ಕಾಲುಗಳ ನಡುವೆ ಬಿದ್ದವರನ್ನು ಮೂಸಿ, ನಿಂತುಕೊಂಡಿತು. ಕೆಳಗಿನಿಂದ "ಸಾಕು... ಸಾಕು..." ಎಂದು ಕೇಳಿಸುತ್ತಿತ್ತು. ಹೋರಿಗೆ ಹೇಳುತ್ತಿದ್ದರೋ, ನನಗೋ, ಅಳತೊಡಗಿದ್ದ ಮಗಳಿಗೋ. ಆ ದನಿಗೆ ಮಗಳು ಸುಮ್ಮನಾದಳು. ಆಶ್ಚರ್ಯವೆಂದರೆ ಮತ್ತೆ ನಿದ್ದೆಹೋದಳು. ಆಮೇಲೆ ಹಳೆಯ ಡೀಸೆಲ್ ಎಂಜಿನ್ನಿನ ಸದ್ದು ದೂರದಿಂದ ಬಂತು. ಹೋರಿ ಕಿವಿ ನಿಮಿರಿಸಿತು. ಕೆಳಗಿದ್ದವರನ್ನು ತುಳಿಯದೆ, ಒಂದೊಂದೇ ಕಾಲು ಎತ್ತಿಟ್ಟು ದಾಟಿ, ಸಾಧು ಹಸುವಿನ ಹಾಗೆ ಹೋಗಿ ಪಿಕಪ್ಪು ಹತ್ತಿ ನಿಂತಿತು.

ಸೊಂಟ ಮುರಿದಿತ್ತು, ಪಕ್ಕೆಲುಬುಗಳೂ. ಆಸ್ಪತ್ರೆಯಲ್ಲಿ ಮಂಗಳೂರಿನವರು ಮಂಚದ ಪಕ್ಕ ನಿಂತು, ಕಣ್ಣೀರು ಒರೆಸಿಕೊಳ್ಳುತ್ತಲೇ ಬೈದರು. "ನಡುವೆ ನಿಲ್ಲಬಾರದು ಅಂತ ನಮಗೆ ಪಾಠ ಹೇಳಿದ್ದು ಯಾರು? ನಿಮಗೆ ಬುದ್ಧಿ ಎಲ್ಲಿ ಹೋಗಿತ್ತು ಮಾರಾಯ್ರೆ?"

"ಪಾಠ ಗೂಳಿಗೆ ಸಂಬಂಧಿಸಿದ್ದು," ಎಂದರು ತಾತ. "ಮಗುವಿನ ಬಗ್ಗೆ ಅಪ್ಪ ಏನೂ ಹೇಳಿರಲಿಲ್ಲ."

ಅವರ ಪಯಣದ ದಿನ ಮುಂದೆ ಹೋಯಿತು, ಆದರೆ ನಿಲ್ಲಲಿಲ್ಲ. ಹೊರಡುವ ಹಿಂದಿನ ದಿನ ಸಂಜೆ, ಆ ಬಯಲಿಗೆ ಒಮ್ಮೆ ಕರೆದುಕೊಂಡು ಹೋಗಿ ಎಂದು ಕೇಳಿದರು. ಇವರಿಗೆ ಇಷ್ಟವಿರಲಿಲ್ಲ. ಬೇಡ ಎನ್ನುವುದು ಹೇಗೆ? ಮಗಳನ್ನು ಮೇಲಿನ ಮನೆಯಲ್ಲಿ ಬಿಟ್ಟು ಹೊರಟೆವು. ತಾತ ಊರುಗೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂತಿದ್ದರು, ನಾನು ಅವರ ಹಿಂದೆ.

ಕಾಳಗದ ಋತು ಮುಗಿದಿತ್ತು. ಬಯಲಿನಲ್ಲಿ ಒಂದು ಪ್ರಾಣಿಯೂ ಇಲ್ಲ ಎಂದುಕೊಂಡೆ. ಆಮೇಲೆ ಗೋಡೆಯ ಪಕ್ಕದ ಕತ್ತಲೆ ಬಾಲ ಬೀಸಿತು.

ಅದು ಅಲ್ಲಿ ನಿಂತಿತ್ತು. ಯಾರೂ ಕಟ್ಟಿರಲಿಲ್ಲ. ಮೂಗಿನ ಹಗ್ಗ ತುಂಡಾಗಿ ನೇತಾಡುತ್ತಿತ್ತು. ಯಜಮಾನ ಆಸ್ಪತ್ರೆಗೆ ಬಂದಾಗ ಹೇಳಿದ್ದು ನೆನಪಾಯಿತು: ನಾಚಿಕೆಯಿಂದ ಹೋರಿಯನ್ನು ಸಹಾಮ್ ಊರಿನ ಆಚೆ ಮಾರಿದೆ, ಅದು ದಾರಿ ಹುಡುಕಿಕೊಂಡು ವಾಪಸು ಬರುತ್ತದೆ, ಮನೆಗೆ ಬರುವುದಿಲ್ಲ, ಬಯಲಿಗೇ ಬರುತ್ತದೆ.

ಇವರು ಎಂಜಿನ್ ಆರಿಸಲಿಲ್ಲ. ಹೋರಿ ನಮ್ಮನ್ನು ನೋಡಿತು. ನಮ್ಮ ಕಾರಿನ ಬಾಗಿಲು ಇನ್ನೂ ತಗ್ಗಿಯೇ ಇತ್ತು.

"ಇನ್ನೊಂದು ಅರ್ಥ ನಾನು ಹೇಳಿರಲಿಲ್ಲ," ಎಂದರು ತಾತ. "ಕಣದಲ್ಲಿ ಗೂಳಿ ಯಾರನ್ನಾದರೂ ಕೆಡವಿದರೆ, ಕೆಡವಿದ ಆ ಜಾಗವೂ ಅದಕ್ಕೆ ಕೆರೆನ್ಸಿಯಾ ಆಗುತ್ತದೆ. ಅಲ್ಲಿ ತಾನು ಗೆದ್ದೆ ಎಂದು ನೆನಪಿರುತ್ತದೆ. ಈಗ ಈ ಜಾಗ ಇದಕ್ಕೆ ಎರಡು ಸಲ ಬೇಕಾದದ್ದು."

ಕತ್ತಲಾಗುತ್ತಿತ್ತು. ಹೋರಿಯ ಹಣೆಯ ಮೇಲೆ ಮಾಗಿದ ಗಾಯದ ಬಿಳಿ ಕಲೆ ಮಾತ್ರ ಕಾಣುತ್ತಿತ್ತು.

"ವಿಚಿತ್ರ," ಎಂದರು ಅವರು, ತಮಗೇ ಎಂಬಂತೆ. "ಕೆಡವಿಸಿಕೊಂಡವನಿಗೂ ಹಾಗೇ ಅನಿಸುತ್ತದೆಂದು ಯಾರೂ ಹೇಳಿರಲಿಲ್ಲ. ನನಗೆ ಇಲ್ಲಿ ಇಳಿಯಬೇಕು ಅನಿಸುತ್ತಿದೆ."

ಅವರ ಕೈ ಬಾಗಿಲ ಹಿಡಿಕೆಯ ಮೇಲಿತ್ತು. ನಾನು ಹಿಂದಿನಿಂದ ನೋಡುತ್ತಿದ್ದೆ. ಬೆರಳುಗಳು ಹಿಡಿಕೆಯನ್ನು ಸುತ್ತಿಕೊಂಡವು. ಇವರು ಗುಂಡಿ ಒತ್ತಿದರು. ನಾಲ್ಕೂ ಬಾಗಿಲುಗಳು ಟಕ್ ಎಂದು ಒಟ್ಟಿಗೆ ಲಾಕ್ ಆದವು. ತಾತ ತಿರುಗಿ ಇವರನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೋರಿಯ ನೋಟದಷ್ಟೇ ಶಾಂತವಾಗಿತ್ತು. ನಾವು ತಿರುಗಿಸದೆ, ಹಿಂದಕ್ಕೆ ಹಿಂದಕ್ಕೆ ಕಾರು ಓಡಿಸಿಕೊಂಡು ರಸ್ತೆಯ ತನಕ ಬಂದೆವು.

ಮಸ್ಕತ್ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಿಂದ ಮಗಳ ತಲೆ ಸವರಿದರು. ಅವಳಿಗೆ ಕುರ್ಚಿ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಿರಲಿಲ್ಲ; ತಳ್ಳುವವನ ಜೊತೆ ತಾನೂ ತಳ್ಳಿದಳು. ಕೆಲವು ತಿಂಗಳು ತಂಗಿಯ ಮನೆಯಿಂದ ಸಂದೇಶ ಬರುತ್ತಿತ್ತು. ಆಮೇಲೆ ನಿಂತಿತು. ಫೋನು ಮಾಡಿದೆವು. ಒಬ್ಬ ಹೆಂಗಸು ಎತ್ತಿದರು. ಅವರಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಬಹಳ ಹೊತ್ತು ಏನೋ ಹೇಳಿದರು, ನಡುನಡುವೆ ನಿಲ್ಲಿಸಿ ಮತ್ತೆ ಹೇಳಿದರು. ನಾವು "ಯೆಸ್, ಯೆಸ್" ಎನ್ನುತ್ತ ಕೇಳಿದೆವು. ಆ ದನಿಯನ್ನು ಕೇಳಿದವರಿಗೆ ಭಾಷೆ ಬೇಕಿರಲಿಲ್ಲ. ಮುಂದಿನ ಸಲ ಮಾಡಿದಾಗ ಆ ನಂಬರೇ ಇರಲಿಲ್ಲ.

ಮಗಳಿಗೀಗ ಹದಿಮೂರು. ಮಾರುಕಟ್ಟೆಯಿಂದ ಬಂದ ದಿನ ನನ್ನ ಮುಖ ನೋಡಿ, ಬಿಡದೆ ಕೇಳಿದಳು. ಹೇಳಿದೆ. ಅವಳಿಗೆ ತಾತನ ಮುಖ ನೆನಪಿಲ್ಲ, ಮೆಟ್ಟಿಲು ನೆನಪಿಲ್ಲ, ಹೋರಿಯಂತೂ ಇಲ್ಲ. ಫೋಟೊ ತೋರಿಸಿದರೆ, "ಹಿ ಲುಕ್ಸ್ ಸ್ವೀಟ್," ಎಂದಳು. ಆಮೇಲೆ ತಾನು ಲೆಕ್ಕದ ತಪ್ಪು ಹುಡುಕುವಾಗ ಮಾಡುವ ಹಾಗೆ ಹುಬ್ಬು ಗಂಟಿಕ್ಕಿ ಕೇಳಿದಳು.

"ಬಟ್ ಅಮ್ಮಾ, ಅದು ಅವರ ಕಡೆ ಹೋಗ್ತಾ ಇತ್ತಲ್ವಾ? ಹಾಗಾದ್ರೆ ವೈ ಡಿಡ್ ಇಟ್ ಟರ್ನ್ ಬ್ಯಾಕ್?"

"ಗೊತ್ತಿಲ್ಲ," ಎಂದೆ. "ಗಾಳಿಗೆ ಏನೋ ಸದ್ದಾಗಿರಬೇಕು."

"ನಾನು ಅತ್ತಿದ್ನಾ?"

"ಇಲ್ಲ. ನೀನು ನಿದ್ದೆ ಮಾಡ್ತಿದ್ದೆ. ಪೂರ್ತಿ ಹೊತ್ತೂ ನಿದ್ದೆ ಮಾಡ್ತಿದ್ದೆ."

ಅವಳು ತಲೆಯಾಡಿಸಿ ಓದಲು ಹೋದಳು. ನಾನು ಇದನ್ನು ಬರೆಯಲು ಕೂತೆ. ಎಲ್ಲಾದರೂ ಒಂದು ಕಡೆ ಇದ್ದದ್ದು ಇದ್ದ ಹಾಗೆ ಇರಬೇಕು, ಅವರು ಕರೆದದ್ದೂ ಅವಳು ಓಗೊಟ್ಟದ್ದೂ. ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ. ಅಕ್ಷರ ಮಾತ್ರ ನಾವು ಕಲಿಸಲಿಲ್ಲ. ಈ ಮೇಜಿನ ಮೇಲೆಯೇ, ಅವಳ ಪುಸ್ತಕಗಳ ಪಕ್ಕದಲ್ಲೇ ಬಿಟ್ಟಿದ್ದೇನೆ. ಅವಳಿಗೆ ಇದನ್ನು ಓದಲು ಬರುವುದಿಲ್ಲ.